ಬೇನೆ ಅಂದರೆ ಚೆನ್ನಾಗಿದೀನಿ ಅಂತೆ

ಕಾಲ್‌ಗೂರ್ಲಿ, ಆಸ್ಟ್ರೇಲಿಯಾ,
ಭಾನುವಾರ, ರಾತ್ರಿ ಹತ್ತೂವರೆ

ಪೂಜ್ಯ ಅಪ್ಪನಿಗೆ ಮಗಳು ಮಾಡುವ ನಮಸ್ಕಾರ.

ನಾನು ಇಲ್ಲಿ ಕ್ಷೇಮ. ಅಲ್ಲಿ ನೀವು, ಅಮ್ಮ, ತಮ್ಮ, ಅಕ್ಕ, ಭಾವ, ಗುಂಡ, ಎಮ್ಮೆ ಎಲ್ಲರೂ ಕ್ಷೇಮ ಅಂತ ನಂಬಿದೀನಿ ಎಂದು ಬರೆಯೋದು ಪದ್ಧತಿ. ನಾನು ನಂಬಿಲ್ಲ. ಅಕ್ಕನ ಮೆಸೇಜು ಮಂಗಳವಾರವೇ ಬಂತು.

ಫೋನ್ ಮಾಡಿದರೆ ನೀವು "ಚೆನ್ನಾಗಿದೀನಮ್ಮ, ಊಟ ಆಯ್ತಾ" ಅಂದು ಅಮ್ಮನ ಕೈಗೆ ಕೊಟ್ಟುಬಿಡ್ತೀರಿ. ಅದಕ್ಕೇ ಈ ಕಾಗದ. ನನ್ನ ಜೊತೆ ಕೆಲಸ ಮಾಡುವ ಕೋಟಯಂ ಹುಡುಗಿ ಬೆಳಗಿನ ವಿಮಾನಕ್ಕೆ ಹೊರಡ್ತಾಳೆ. ಬೆಂಗಳೂರಿನಲ್ಲಿ ಅವಳಣ್ಣನ ಮನೇಲಿ ಎರಡು ದಿನ ಇರ್ತಾಳೆ. ಭಾವ ಹೋಗಿ ತಗೊಳ್ತಾರೆ, ಹೇಳಿದೀನಿ. ಕಾಗದವಾದರೆ ಮಧ್ಯೆ ಎಮ್ಮೆಗೆ ನೀರಿಡೋಕೆ ಎದ್ದು ಹೋದರೂ ಅದು ಕಾಯ್ತಾ ಕೂತಿರುತ್ತೆ.

ಅಕ್ಕ ಬರೆದಿದ್ದು ಇಷ್ಟು. ಎರಡು ತಿಂಗಳಿಂದ ನಿಮಗೆ ಕೆಮ್ಮು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಕೊಟ್ಟಿಗೆ ಹಿಂದೆ ಹೋಗಿ, ಟವಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮಿ, ಬಾಯಿ ತೊಳೆದು ಬಂದು ಮಲಗ್ತೀರಿ. ತೋಪಿನ ಏರು ಹತ್ತುವಾಗ ಮೂರು ಕಡೆ ಕೂರ್ತೀರಿ. ಈ ಸಲ ತೋತಾಪುರಿ ಕೀಳಿಸುವಾಗ ಮರದ ಕೆಳಗೆ ನಿಂತು ಲೆಕ್ಕ ಹಾಕೋಕೂ ದಮ್ಮಿರಲಿಲ್ಲ, ಲೆಕ್ಕ ತಮ್ಮ ಬರೆದ. ಕೇಳಿದರೆ "ಬೀಡಿ ಕೆಮ್ಮು" ಅಂದಿರಂತೆ. ನೀವು ಬೀಡಿ ಬಿಟ್ಟು ಹನ್ನೊಂದು ವರ್ಷ ಆಯ್ತು ಅಪ್ಪ. ಗುಂಡ ಹುಟ್ಟಿದ ವಾರ ಬಿಟ್ಟಿದ್ದು, ನನಗೆ ನೆನಪಿದೆ.

ಅಕ್ಕನ ಮೇಲೆ ರೇಗಬೇಡಿ. ನಾನೇ ಪೀಡಿಸಿ ಬಾಯಿ ಬಿಡಿಸಿದ್ದು.

ಬೈಯೋ ಮುಂಚೆ ಈ ಊರಿನ ಸುದ್ದಿ ಸ್ವಲ್ಪ ಹೇಳ್ತೀನಿ. ಗಣಿ ವಿಷಯ ಅಂದರೆ ನೀವು ಕಾಗದ ಕೆಳಗಿಡಲ್ಲ.

ಇಲ್ಲಿಯ ದೊಡ್ಡ ಗಣಿ ಬಯಲು ಗಣಿ. ಹಳೇ ಗಣಿಗಳನ್ನೆಲ್ಲ 1989ರಲ್ಲಿ ಒಂದು ಆಡಳಿತಕ್ಕೆ ತಂದು, ಮೇಲಿಂದಲೇ ತೋಡಿಕೊಂಡು ಹೋಗಿದಾರೆ. ಮೂರೂವರೆ ಕಿಲೋಮೀಟರು ಉದ್ದ, ಒಂದೂವರೆ ಅಗಲ, 600 ಮೀಟರಿಗೂ ಹೆಚ್ಚು ಆಳ. ಅಂಚಿನಲ್ಲಿ ನಿಂತು ನೋಡಿದರೆ ಒಳಗೆ ಓಡಾಡುವ ಲಾರಿಗಳು ಗುಂಡನ ಆಟದ ಸಾಮಾನಿನ ಹಾಗೆ ಕಾಣ್ತವೆ. ಹತ್ತಿರ ಹೋದರೆ ಅದರ ಚಕ್ರವೇ ನಮ್ಮ ಮನೆ ಬಾಗಿಲಿಗಿಂತ ಎತ್ತರ. ತೋಡ್ತಾ ತೋಡ್ತಾ ಗೋಡೆಯಲ್ಲಿ ಹಳೇ ಸುರಂಗಗಳ ಬಾಯಿ ತೆರೆದುಕೊಳ್ಳುತ್ತೆ, ಕೊಳೆತ ಮರದ ತೊಲೆ ಬರುತ್ತೆ. ಯಾರೋ ಒಬ್ಬ ನಿಮ್ಮ ಹಾಗೆ ಮಂಡಿಯೂರಿ ತೂತು ಹೊಡೆದ ಜಾಗಕ್ಕೆ ಈಗ ಬಿಸಿಲು ಬೀಳುತ್ತೆ. ಬಂಡೆಗೆ ಸಿಡಿಮದ್ದು ಸಿಡಿಸುವ ಹೊತ್ತಿಗೆ ನನ್ನ ಅಡುಗೆಮನೆ ಕಿಟಕಿ ಗಡಗಡ ಅನ್ನುತ್ತೆ. ಮೊದಲ ದಿನ ಹೆದರಿ ಮಂಚದ ಕೆಳಗೆ ನೋಡಿದ್ದೆ! ನಮ್ಮ ಗಣಿಯೊಳಗೆ ಬಂಡೆ ಸಿಡಿದು ಏರ್ ಬ್ಲಾಸ್ಟ್ ಆದಾಗ ಗಣಿಯವರ ಲೈನ್ ಮನೇಲಿ ತಟ್ಟೆ ಲೋಟ ಉರುಳಿ ಬೀಳ್ತಿದ್ದವು, ಹೆಂಗಸರೆಲ್ಲ ಶಾಫ್ಟಿನ ಕಡೆಗೆ ಓಡ್ತಿದ್ದರು ಅಂತ ಅಮ್ಮ ಹೇಳ್ತಿದ್ದಳಲ್ಲ, ಅದು ನೆನಪಾಯ್ತು. ಇಲ್ಲಿ ಯಾರೂ ಓಡಲ್ಲ, ಗಡಿಯಾರ ನೋಡ್ಕೋತಾರೆ.

ಹೋದ ವಾರ ನಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಬಂದ ಒಬ್ಬ ಈ ಹಳ್ಳದ ಬಗ್ಗೆ ಬಹಳ ಜಂಬ ಕೊಚ್ಚಿಕೊಂಡ. ನಮ್ಮಪ್ಪ ಇದ್ದದ್ದು ಮೂರು ಕಿಲೋಮೀಟರಿಗೂ ಆಳದ ಗಣಿ ಅಂದೆ. ದಕ್ಷಿಣ ಆಫ್ರಿಕಾದ್ದಾ ಅಂದ. ಕೋಲಾರ ಅಂದೆ. ಅದೆಲ್ಲಿ ಅಂದ. ನನಗೆ ರೇಗಿ, 1902ರಲ್ಲೇ ಶಿವನಸಮುದ್ರದಿಂದ ನಮ್ಮ ಗಣಿಗೆ ಕರೆಂಟು ಬಂದಿತ್ತು, ನಿಮ್ಮೂರಿಗೆ ಕುಡಿಯೋ ನೀರು ಬಂದಿದ್ದೇ 1903ರಲ್ಲಿ ಅಂದುಬಿಟ್ಟೆ. ಪಾಪ, ಅವನು ಟ್ಯೂಬ್‌ಲೈಟ್ ಸರಿಮಾಡೋಕೆ ಬಂದವನು. ನೀವು ಅಷ್ಟು ಕೆಳಗೆ ಇಳಿದೇ ಇರಲಿಲ್ಲ ಅಂತ ಈಗ ತಿದ್ದಬೇಡಿ. ಅಷ್ಟು ಆಳದ ಚಾಂಪಿಯನ್ ರೀಫ್ ಗಣಿ ನಮ್ಮದೇ ತಾನೆ.

ನೀರಿನ ಕಥೆ ಮಾತ್ರ ನಿಜ. ಇದು ಮರಳುಗಾಡಿನ ಅಂಚು, ಕೆರೆ ಇಲ್ಲ, ಹೊಳೆ ಇಲ್ಲ. 1893ರ ಜೂನ್‌ನಲ್ಲಿ ಹ್ಯಾನನ್ ಅಂತ ಒಬ್ಬ ಐರಿಷ್ ಮನುಷ್ಯ, ಜೊತೆಗೆ ಇನ್ನಿಬ್ಬರು, ಚಿನ್ನ ಕಂಡರು. ಕೋಲಾರದಲ್ಲಿ ಚಿನ್ನ ಹುಡುಕೋಕೆ ಶುರುಮಾಡಿದ ನಮ್ಮ ಲ್ಯಾವೆಲ್ ದೊರೆಯೂ ಐರಿಷ್ಷೇ ಅಲ್ವಾ, ಆ ದೇಶದವರಿಗೆ ಮಣ್ಣು ಕೆರೆಯೋದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲವೇನೋ. ಜನ ಸಾವಿರಗಟ್ಟಲೆ ಬಂದು ಬಿದ್ದರು. ಒಂಟೆ ಮೇಲೆ ಸಾಮಾನು ಬರ್ತಿತ್ತು, ನೀರನ್ನ ದುಡ್ಡಿಗೆ ಅಳೆದು ಮಾರ್ತಿದ್ದರು, ಟೈಫಾಯ್ಡು ಬಂದು ಸತ್ತರು. ಆಮೇಲೆ ಓ'ಕಾನರ್ ಅನ್ನೋ ಎಂಜಿನಿಯರು ಪರ್ತಿನ ಹತ್ತಿರದ ಬೆಟ್ಟದಲ್ಲಿ ಕಟ್ಟೆ ಕಟ್ಟಿಸಿ, ಐನೂರು ಚಿಲ್ಲರೆ ಕಿಲೋಮೀಟರು ಪೈಪು ಹಾಕಿಸಿ ನೀರು ತಂದ. ತಂದ ಅಂದರೆ, ಅವನು ನೋಡಲಿಲ್ಲ. ಜನರ ಬೈಗುಳ ತಾಳಲಾರದೆ 1902ರ ಮಾರ್ಚಿನಲ್ಲಿ ತಾನೇ ಪ್ರಾಣ ಕಳಕೊಂಡ, ನೀರು ಬಂದಿದ್ದು ಮುಂದಿನ ಜನವರಿಗೆ. ನಾನು ಈಗ ಕುಡಿದ ಲೋಟದ ನೀರೂ ಆ ದಾರಿಯಲ್ಲೇ ಬಂದಿದ್ದು. ಬೇತಮಂಗಲದ ನೀರಿನ ರುಚಿ ಇಲ್ಲ ಬಿಡಿ.

ಇನ್ನೊಂದು. ನಮ್ಮ ಕಡೆ ಹೊಲಗಳನ್ನೆಲ್ಲ ಹೀರಿ ಒಣಗಿಸಿತು ಅಂತ ನೀವು ಬೈತೀರಲ್ಲ ನೀಲಗಿರಿ ಮರ, ಅದರ ತವರು ಈ ದೇಶ. ದಾರಿ ಉದ್ದಕ್ಕೂ ಅದರದೇ ಜಾತಿ. ತವರುಮನೆಯಲ್ಲಿ ಮಾತ್ರ ಬಹಳ ಮರ್ಯಾದೆಯಿಂದ ನಿಂತಿದೆ. ಭಾನುವಾರ ಬಂತೆಂದರೆ ಗಂಡ ಹೆಂಡತಿ ಮಕ್ಕಳು ಕಾಡಿಗೆ ಹೋಗಿ ಮೆಟಲ್ ಡಿಟೆಕ್ಟರ್ ಹಿಡಕೊಂಡು ಚಿನ್ನ ಹುಡುಕ್ತಾರೆ, ಅದಕ್ಕೆ ಸರ್ಕಾರವೇ ಪರವಾನಗಿ ಕೊಡುತ್ತೆ. ನಮ್ಮಲ್ಲಿ ಗಣಿ ನಡೀತಿದ್ದಾಗ ಜೇಬಿನಲ್ಲಿ ಒಂದು ಚೂರು ಅದಿರು ಸಿಕ್ಕಿದರೆ ಜೈಲಾಗ್ತಿತ್ತು. ಭಾವನಿಗೆ ಇದನ್ನ ಹೇಳಬೇಡಿ, ನಾಳೆಯೇ ವೀಸಾ ಕೇಳ್ತಾರೆ.

ಈಗ ಮುಖ್ಯ ಮಾತಿಗೆ ಬರ್ತೀನಿ.

ನಾನು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವ ಒಬ್ಬ ಮುದುಕಿ ಇದಾರೆ. ತೊಂಬತ್ತೈದು ದಾಟಿದೆ. ಎಲ್ಲರೂ ಅವರನ್ನ ನೋನ್ನಾ ಅಂತಾರೆ, ಇಟಲಿ ಮಾತಿನಲ್ಲಿ ಅಜ್ಜಿ ಅಂತ. ನಿದ್ದೆ ಬರಲ್ಲ, ನನ್ನ ಕೈ ಹಿಡಕೊಂಡು ಮಾತಾಡ್ತಾರೆ. ನಿಮ್ಮ ತಂದೆ ಏನು ಮಾಡ್ತಿದ್ದರು ಅಂತ ಒಂದು ರಾತ್ರಿ ಕೇಳಿದರು. ಚಿನ್ನದ ಗಣಿ ಅಂದೆ. ಮುದುಕಿ ದಿಂಬಿನಿಂದ ಎದ್ದು ಕೂತು, "ಕೆಮ್ಮುತಾರಾ?" ಅಂದರು. ಬೇರೇನೂ ಕೇಳಲಿಲ್ಲ. ಮೂರು ಕಿಲೋಮೀಟರ್ ಆಳ, ಕರೆಂಟು, ಯಾವುದೂ ಅವರಿಗೆ ಬೇಡ. ಕೆಮ್ಮುತಾರಾ. ಇಲ್ಲ ಅಂದೆ. ಆಗ ಅಕ್ಕನ ಮೆಸೇಜು ಇನ್ನೂ ಬಂದಿರಲಿಲ್ಲ.

ಅವರಪ್ಪ ಇಟಲಿಯ ಉತ್ತರದ ಬೆಟ್ಟದ ಸೀಮೆಯವನು, ಲೊಂಬಾರ್ದಿಯ ಕಡೆ. ಇಬ್ಬರು ಅಣ್ಣಂದಿರ ಮಧ್ಯೆ ಹಂಚಿದರೆ ಒಂದು ಹಸು ಮೇಯಿಸೋಕೂ ಸಾಲದಷ್ಟು ಜಮೀನು. 1920ರ ದಶಕದಲ್ಲಿ ಹಡಗು ಹತ್ತಿ ಬಂದ. ಮೊದಲು ಇಲ್ಲಿಯ ಕಾಡಿನಲ್ಲಿ ಸೌದೆ ಕಡಿದ. ಗಣಿಯ ಬಾಯ್ಲರುಗಳು ಸೌದೆ ಮೇಲೆ ನಡೀತಿದ್ದವಂತೆ, ಅದನ್ನ ಸಾಗಿಸೋಕೇ ಕಾಡೊಳಗೆ ರೈಲು ಹಳಿ, ಅದಕ್ಕೆ ವುಡ್‌ಲೈನ್ ಅಂತ ಹೆಸರು. ಆ ಕೆಲಸಕ್ಕೆ ಹೆಚ್ಚಾಗಿ ಇಟಲಿಯವರು, ಸ್ಲಾವ್ ಜನ. ಆಮೇಲೆ ಅವನು ಗಣಿಗೆ ಸೇರಿ ಡ್ರಿಲ್ ಹಿಡಿದ, ಹೆಂಡತಿಯನ್ನ ಕರೆಸಿಕೊಂಡ. ತಗಡು, ಗೋಣಿಬಟ್ಟೆಯ ಮನೆ. ನಾನು ಇದನ್ನೆಲ್ಲ ಕೇಳ್ತಾ ಮುತ್ತಾತನ್ನೇ ನೋಡ್ತಿದ್ದೆ. ರಾಗಿ ಕೈಕೊಟ್ಟ ವರ್ಷ ವೇಪನಹಳ್ಳಿಯಿಂದ ಕಾಮಸಮುದ್ರದ ದಾರಿಯಲ್ಲಿ ನಡಕೊಂಡು ಹೋಗಿ ಉರಿಗಾಂನಲ್ಲಿ ತಟ್ಟಿ ಮನೆ ಹಾಕಿದರು ಅಂತ ನೀವು ಹೇಳ್ತಿದ್ದಿರಲ್ಲ. ಹಡಗಿಲ್ಲ, ಅಷ್ಟೇ. ಒಂದು ದಿನದ ನಡಿಗೆ. ಆದರೂ ಊರಿಗೆ ಬರೋದು ಮಾರಮ್ಮನ ಹಬ್ಬಕ್ಕೆ ಮಾತ್ರ.

1934ರ ಜನವರಿ ಕೊನೆಯಲ್ಲಿ ಇಲ್ಲಿ ದೊಡ್ಡ ಗಲಾಟೆ ಆಯ್ತು. ಒಂದು ಹೋಟೆಲಿನಲ್ಲಿ ಇಟಲಿ ಮೂಲದ ಕೆಲಸಗಾರನಿಗೂ ಈ ಊರಿನ ಒಬ್ಬನಿಗೂ ಜಗಳ, ಏಟು ಬಿದ್ದು ಈ ಊರಿನವನು ಸತ್ತ. ಮಾರನೇ ರಾತ್ರಿ ಜನ ನುಗ್ಗಿ ಇಟಲಿಯವರ, ಸ್ಲಾವರ ಅಂಗಡಿ, ಹೋಟೆಲು, ಮನೆಗಳಿಗೆ ಬೆಂಕಿ ಇಟ್ಟರು. ನಮ್ಮ ಕೂಲಿ ಕಿತ್ಕೊಂಡರು ಅನ್ನೋ ಸಿಟ್ಟು ಬಹಳ ದಿನದಿಂದ ಕುದೀತಿತ್ತು. ನೋನ್ನಾಗೆ ಆಗ ಐದು ವರ್ಷ. ಅವರಮ್ಮ ಮಗುವನ್ನ ಕಂಬಳಿಯಲ್ಲಿ ಸುತ್ತಿ ಕಾಡಿಗೆ ಓಡಿದಳು. ಮೂರು ರಾತ್ರಿ ಮರದ ಕೆಳಗೆ. ವಾಪಸ್ ಬಂದರೆ ಮನೆ ಇದ್ದ ಕಡೆ ಹೊಲಿಗೆ ಮಿಷನ್ನಿನ ಕಬ್ಬಿಣದ ಚಕ್ರ ಒಂದೇ ಉಳಿದಿತ್ತಂತೆ. ಆ ಚಕ್ರ ಈಗಲೂ ಅವರ ಕೋಣೆಯಲ್ಲಿದೆ. ದಿನಾ ಒರೆಸೋದು ನಾನೇ.

ಅದೇ ಗಲಾಟೆಯಲ್ಲಿ ಅವರಪ್ಪನ ಕೆಮ್ಮಿನಿಂದ ಎಲ್ಲರೂ ಸಿಕ್ಕಿಬೀಳ್ತಿದ್ದರಂತೆ. ಕಾಡಿನ ಕತ್ತಲಲ್ಲಿ ಉಸಿರು ಬಿಡದೆ ಕೂತಿದಾರೆ, ಇವನಿಗೆ ಕೆಮ್ಮು ಬಂತು. ಹೆಂಡತಿ ತನ್ನ ಸ್ಕಾರ್ಫನ್ನ ಅವನ ಬಾಯಿಗೆ ತುರುಕಿದಳು. ಆವತ್ತು ಗೊತ್ತಾಗಿದ್ದು ಅವಳಿಗೆ, ಇದು ಇವತ್ತಿನ ಕೆಮ್ಮಲ್ಲ ಅಂತ. ಅಲ್ಲೀವರೆಗೂ ಅವನು ರಾತ್ರಿ ಎದ್ದು ಸೌದೆ ರಾಶಿ ಹಿಂದೆ ಹೋಗಿ ಕೆಮ್ಮಿ ಬರ್ತಿದ್ದ. ಕೊಟ್ಟಿಗೆ ಇರಲಿಲ್ಲ ನೋಡಿ.

ಮುಚ್ಚಿಡೋಕೆ ಕಾರಣ ಇತ್ತು. ಆ ಹೊತ್ತಿಗಾಗಲೇ ಇಲ್ಲಿ ಗಣಿಯವರನ್ನ ಕರೆದು ಎದೆ ಪರೀಕ್ಷೆ ಮಾಡ್ತಿದ್ದರು. ಕ್ಷಯ ಅಂತ ಬಂದರೆ ಒಳಗೆ ಇಳಿಯೋ ಹಾಗಿಲ್ಲ. ಪರಿಹಾರ ಅಂತ ಏನೋ ಕೊಡ್ತಿದ್ದರು, ಆದರೆ ಮನೆ ಸುಟ್ಟವನಿಗೆ ಅದು ಯಾವ ಮೂಲೆಗೆ? ಪರೀಕ್ಷೆ ದಿನ ಹತ್ತಿರ ಬಂದರೆ ಸೌದೆ ಕಡಿಯೋಕೆ ಕಾಡಿಗೆ ಹೋಗಿಬಿಡ್ತಿದ್ದ. ಕೊನೆಗೆ ಪರ್ತಿನ ಹತ್ತಿರ ವೂರುಲೂ ಅನ್ನೋ ಕಡೆ ಸ್ಯಾನಿಟೋರಿಯಂಗೆ ಹಾಕಿದರು. ಇಲ್ಲಿಂದ ಐನೂರು ಕಿಲೋಮೀಟರಿಗೂ ಹೆಚ್ಚು. ಹೆಂಡತಿ ಎರಡೇ ಸಲ ಹೋಗಿ ನೋಡಿದ್ದು. ನೋನ್ನಾಗೆ ಹನ್ನೆರಡು ವರ್ಷ ಆದಾಗ ಹೋಗಿಬಿಟ್ಟ. ಇಲ್ಲಿಯವರು ಇದಕ್ಕೆ "ಡಸ್ಟೆಡ್" ಅಂತಾರೆ. ಧೂಳು ಹಿಡಿದವನು. ಟೀಪಾಯಿ ಬಗ್ಗೆ ಹೇಳಿದ ಹಾಗೆ.

ಎಷ್ಟೋ ವರ್ಷದ ಮೇಲೆ ಇಟಲಿಯಿಂದ ಅವನ ಅಣ್ಣನ ಮೊಮ್ಮಕ್ಕಳು ಒಂದು ಬಿಸ್ಕತ್ ಡಬ್ಬಿ ಕಳಿಸಿದರಂತೆ. ಒಳಗೆ ಅವನು ಊರಿಗೆ ಬರೆದ ಕಾಗದಗಳು. ನೋನ್ನಾ ನನಗೆ ಒಂದೊಂದಾಗಿ ತೋರಿಸಿದರು. ಎಲ್ಲದರ ಮೊದಲ ಸಾಲಿನಲ್ಲೂ ಎರಡೇ ಪದ, ಬೆರಳಿಟ್ಟು ಓದಿದರು. "ಸ್ತೋ ಬೇನೆ." ನಾನು ಬೆಚ್ಚಿಬಿದ್ದೆ. ಪಾಪ, ಆಗಲೇ ಊರಿಗೆ ತಿಳಿಸಿದಾನಲ್ಲ, ಬೇನೆ ಅಂತ ಬರೆದಿದಾನಲ್ಲ ಅಂದೆ. ಮುದುಕಿಗೆ ಅರ್ಥ ಆಗಲಿಲ್ಲ. ಆಮೇಲೆ ಗೊತ್ತಾಯ್ತು, ಅವರ ಮಾತಿನಲ್ಲಿ ಬೇನೆ ಅಂದರೆ ಒಳ್ಳೇದು. ಸ್ತೋ ಬೇನೆ ಅಂದರೆ ಚೆನ್ನಾಗಿದೀನಿ. ನಮ್ಮ ಮಾತಿನಲ್ಲಿ ಬೇನೆ ಅಂದರೆ ಏನು ಅಂತ ನಾನು ಹೇಳಿದೆ. ಮುದುಕಿ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡು, ನಿಮ್ಮ ಭಾಷೆಯೇ ಸರಿ, ನಮ್ಮಪ್ಪ ಅದರಲ್ಲೇ ಬರೆದದ್ದು ಅಂದರು.

ಅದಾಗಿ ನಾಲ್ಕು ದಿನಕ್ಕೆ ಅಕ್ಕನ ಮೆಸೇಜು. ಫೋನಿನಲ್ಲಿ ನೀವು "ಚೆನ್ನಾಗಿದೀನಮ್ಮ" ಅಂದಾಗ ನನಗೆ ಏನು ಕೇಳಿಸಿತು ಅಂತ ಇನ್ನು ಬಿಡಿಸಿ ಬರೆಯಲ್ಲ.

ಅಪ್ಪ, ನಿಮ್ಮ ಲೆಕ್ಕವೂ ನನಗೆ ಗೊತ್ತು. ಶ್ರಾವಣದಲ್ಲಿ ಮಾಲೂರಿನವರು ತಮ್ಮನ್ನ ನೋಡೋಕೆ ಬರ್ತಾರೆ. ಈಗ ಆಸ್ಪತ್ರೆಗೆ ಹೋಗಿ, ಕ್ಷಯ ಅಂತ ಚೀಟಿ ಬಂದು, ಅದು ಸಂತೆಯಲ್ಲಿ ಹರಡಿದರೆ ಸಂಬಂಧ ಮುರೀತದೆ. ತಾಳಿ ಕಟ್ಟೋವರೆಗೆ ಟವಲ್ಲು ಬಾಯಿಗೆ ಒತ್ತಿಕೊಂಡಿದ್ದರೆ ಆಯ್ತು. ಹೌದಾ ಅಲ್ವಾ? ಇದನ್ನ ಅಕ್ಕ ಹೇಳಿದ್ದಲ್ಲ, ನಾನೇ ಊಹಿಸಿದ್ದು. ನಿಮ್ಮ ಮಗಳಲ್ವಾ.

ಈಗ ನರ್ಸ್ ಹೇಳ್ತಿದಾಳೆ ಅಂತ ಕೇಳಿ. 22 ವರ್ಷ ಕಲ್ಲಿನ ಧೂಳು ಕುಡಿದಿದೀರಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಧೂಳು ಮುಚ್ಚಲ್ಲ. ಒಳಗೆ ಕೂತ ಸಿಲಿಕಾ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಶ್ವಾಸಕೋಶವನ್ನ ಗಟ್ಟಿ ಮಾಡ್ತಾ ಹೋಗುತ್ತೆ. ಇದು ಹೊಸ ವಿಷಯ ಅಲ್ಲ. 1940ರ ದಶಕದಲ್ಲೇ ಕೆಜಿಎಫ್‌ನಲ್ಲಿ 7,653 ಜನರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ 43ಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್, ಅಂದರೆ ಈ ಧೂಳಿನ ಎದೆರೋಗ, ಇತ್ತು. ತಾತ ಆಗ ಒಳಗೆ ಇಳೀತಿದ್ದ ಕಾಲ. ತಾತ ಕೆಮ್ಮಿದ್ದು ನನಗೆ ನೆನಪಿಲ್ಲ, ನಾನು ಹುಟ್ಟಿರಲಿಲ್ಲ. ನಿಮಗೆ ನೆನಪಿದೆ. ಮನೇಲಿ ಎಲ್ಲರೂ "ಎದೆಗೆ ಗಾಳಿ ಸೇರಿತು" ಅಂತಲೇ ಹೇಳ್ತಾ ಬಂದಿದೀರಿ. ಯಾವ ಗಾಳಿ ಅಪ್ಪ ಅದು?

ಸಿಲಿಕೋಸಿಸ್ ಅಂಟುರೋಗ ಅಲ್ಲ. ಸೊಸೆಗೂ ಅಂಟಲ್ಲ, ಬೀಗರಿಗೂ ಅಂಟಲ್ಲ. ಆದರೆ ಸಿಲಿಕಾ ಕೂತ ಎದೆಗೆ ಕ್ಷಯ ಬೇಗ ಹಿಡಿಯುತ್ತೆ, ಅದು ಅಂಟುತ್ತೆ. ಅದಕ್ಕೂ ಔಷಧ ಇದೆ, ವಾಸಿ ಆಗುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯೂ ಮಾತ್ರೆಯೂ ಬಿಟ್ಟಿ. ಎರಡರಲ್ಲಿ ಯಾವುದು, ಎರಡೂನಾ, ಎರಡೂ ಅಲ್ವಾ, ಇದನ್ನ ಕೊಟ್ಟಿಗೆ ಹಿಂದೆ ಕೂತು ತೀರ್ಮಾನ ಮಾಡೋಕೆ ಆಗಲ್ಲ. ಗುಂಡ ನಿಮ್ಮ ಪಕ್ಕದಲ್ಲೇ ಮಲಗೋದು, ಅದನ್ನ ಯೋಚನೆ ಮಾಡಿ.

ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಅದಕ್ಕೇ ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳಬೇಕು: ಚಾಂಪಿಯನ್ ರೀಫ್‌ನಲ್ಲಿ ಇಷ್ಟು ವರ್ಷ ಡ್ರಿಲ್ ಹಿಡಿದೆ ಅಂತ. "ವ್ಯವಸಾಯ" ಅಂತ ಬರೆಸಿ ಬರಬೇಡಿ. ಟ್ರಂಕಿನ ತಳದಲ್ಲಿ ಅಮ್ಮನ ಧಾರೆ ಸೀರೆ ಕೆಳಗೆ ನಿಮ್ಮ ಸರ್ವಿಸ್ ಕಾಗದ ಇದೆ, ಅದನ್ನ ತಗೊಂಡು ಹೋಗಿ. ಮೊದಲು ಕೃಷ್ಣಗಿರಿ ದೊಡ್ಡಾಸ್ಪತ್ರೆ. ಅಲ್ಲಿ ಸರಿಹೋಗದಿದ್ದರೆ ಬೆಂಗಳೂರಿನಲ್ಲಿ ಎದೆರೋಗಕ್ಕೆ ಅಂತಲೇ ಎಸ್‌ಡಿಎಸ್ ಆಸ್ಪತ್ರೆ ಇದೆ, ಭಾವ ಕರಕೊಂಡು ಹೋಗ್ತಾರೆ. ಕಫ ಬೆಳಿಗ್ಗೆ ಎದ್ದ ತಕ್ಷಣದ್ದು ಕೊಡಬೇಕು, ಎಂಜಲು ಅಲ್ಲ, ಆಳದಿಂದ ಕೆಮ್ಮಿ ತೆಗೆದದ್ದು. ಈಗ ಮಾತ್ರ ಜೋರಾಗಿ ಕೆಮ್ಮಬಹುದು, ಯಾರೂ ಬೈಯಲ್ಲ.

ಮಾಲೂರಿನವರ ಮಾತು ನನಗೆ ಬಿಡಿ. ಆ ಹುಡುಗಿಯ ಫೋನ್ ನಂಬರು ತಮ್ಮನ ಹತ್ತಿರ ಇದೆ, ಇಲ್ಲ ಅಂತ ಅವನು ಎಷ್ಟೇ ಹೇಳಲಿ. ನಾನೇ ಮಾತಾಡ್ತೀನಿ. ಮಾವನಿಗೆ ಎಕ್ಸ್‌ರೇ ತೆಗೆಸಿದರು ಅಂತ ಒಲ್ಲೆ ಅನ್ನುವ ಮನೆಯಾದರೆ ಅವರ ಹೆಣ್ಣು ನಮಗೂ ಬೇಡ. ಅಮ್ಮ, ಈ ಸಾಲು ಓದಿ ನೀನು ನಿಟ್ಟುಸಿರು ಬಿಡಬೇಡ. ಅವರದ್ದೂ ಹಳೇ ಗಣಿ ಮನೆತನವೇ, ಮರಿಕುಪ್ಪಂನಲ್ಲಿದ್ದರು ಅಂತ ನೀನೇ ಹೇಳಿದ್ದೆ. ಅವರ ಮನೇಲೂ ಒಬ್ಬರು ಕೊಟ್ಟಿಗೆ ಹಿಂದೆ ಕೆಮ್ಮುತಾ ಇರ್ತಾರೆ, ನೋಡು ಬೇಕಾದರೆ.

ದುಡ್ಡಿನ ಚಿಂತೆ ಖಂಡಿತ ಬೇಡ. ಅಕ್ಕನ ಖಾತೆಗೆ ಹಾಕಿದೀನಿ. ಮಾವಿನ ದುಡ್ಡು ಮುಟ್ಟಬೇಡಿ, ತೋಪು ಅಡ ಇಡೋ ಮಾತು ಎತ್ತಲೇಬೇಡಿ. ನನ್ನ ಹತ್ತಿರ ಬೇಕಾದಷ್ಟಿದೆ. ಪಾಳಿ ಹೆಚ್ಚೇನಿಲ್ಲ, ನಿದ್ದೆ ಚೆನ್ನಾಗಿ ಬರುತ್ತೆ, ಊಟ ಚೆನ್ನಾಗಿದೆ, ರಾಗಿಹಿಟ್ಟು ಪರ್ತಿನಿಂದ ತರಿಸ್ತೀನಿ, ಚಳಿ ಅಷ್ಟೇನಿಲ್ಲ, ಜನ ಬಹಳ ಒಳ್ಳೆಯವರು, ಕಾಲು ಪೂರ್ತಿ ವಾಸಿಯಾಗಿದೆ. ಯಾವ ಕಾಲು ಅಂತ ಕೇಳಬೇಡಿ, ಸಣ್ಣದು, ಸ್ನಾನದ ಮನೆಯಲ್ಲಿ ಜಾರಿದ್ದು. ಹೊಡೆದು ಹಾಕೋಣ ಅಂದರೆ ಪೆನ್ನಿನಲ್ಲಿ ಬರೆದುಬಿಟ್ಟಿದೀನಿ.

ಕೋಟಯಂ ಹುಡುಗಿ ಹಾರ್ನ್ ಮಾಡ್ತಿದಾಳೆ. ಅವಳಿಗೆ ಇವತ್ತೇ ಪ್ಯಾಕ್ ಮಾಡಬೇಕಂತೆ, ನನಗೂ ಪಾಳಿಗೆ ಹೊತ್ತಾಯ್ತು. ಜೊತೆಯಲ್ಲಿ ಗುಂಡನಿಗೆ ಚಾಕಲೇಟು, ಅಮ್ಮನಿಗೆ ಮೊಣಕಾಲಿಗೆ ಹಚ್ಚುವ ಮುಲಾಮು ಇದೆ. ಅದೂ ನೀಲಗಿರಿಯದ್ದೇ, ಬೈಬೇಡಿ. ಅಕ್ಕನಿಗೆ ಏನೂ ಕಳಿಸೋಕೆ ಆಗಲಿಲ್ಲ, ಮುಂದಿನ ಸಲ.

ಕಾಗದ ಸಿಕ್ಕಿದ ಮಾರನೇ ದಿನವೇ ಹೋಗಬೇಕು. ಅಷ್ಟಮಿ ನವಮಿ ನೋಡೋ ಹಾಗಿಲ್ಲ. ಎಕ್ಸ್‌ರೇ ಫೋಟೋ ತಮ್ಮ ಕಳಿಸಲಿ, ಕಿಟಕಿ ಬೆಳಕಿಗೆ ಹಿಡಿದು ನೇರ ತೆಗೆಯಲಿ, ಫ್ಲಾಶ್ ಬೇಡ. ನೋನ್ನಾ ದಿನಾ ಕೇಳ್ತಿದಾರೆ, ಹೋದರಾ ಅಂತ.

ಇಂತಿ ನಿಮ್ಮ,
ಪುಟ್ಟಿ